ಗೋಡಂಬಿ, ಕಪ್ಪೆ ಮತ್ತು ಎಕ್ಸ್‌ಟರ್ನಲ್

ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದಾಗ ತಂಗಿಯ ವಾಟ್ಸಾಪ್ ಬಂತು. ಶುಭೋದಯವಿಲ್ಲ, ಕ್ಷೇಮಸಮಾಚಾರವಿಲ್ಲ, ನೇರ ಪಟ್ಟಿ: ಹುರಿದ ಗೋಡಂಬಿ ಅರ್ಧ ಕೆಜಿ, ಬಾದಾಮಿ ಬರ್ಫಿ, ಗರಿಗರಿ ನಿಪ್ಪಟ್ಟು, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ, ಚಿಕ್ಕದರಲ್ಲಿ ಸಕ್ಕರೆ ಹಾಕದ ಕಾಫಿ. ಕೊನೆಯಲ್ಲಿ, ‘ಎಕ್ಸ್‌ಟರ್ನಲ್‌ಗೆ ಶುಗರ್ ಇದೆಯಂತೆ ಅಣ್ಣ, ಮರೀಬೇಡ.’

ಯಾರದೋ ಹೆಣ್ಣು ನೋಡುವ ಶಾಸ್ತ್ರವಿರಬೇಕು ಎಂದುಕೊಂಡೆ. ಅಲ್ಲ, ಅವಳ ಮಗಳ, ಅಂದರೆ ನನ್ನ ಸೊಸೆಯ, ಎಂ.ಟೆಕ್ ವೈವಾ. ಕಾಲೇಜು ಹೊಸೂರು ರಸ್ತೆಯಲ್ಲಿದೆ, ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದೇನೆ, ನಿವೃತ್ತನಾಗಿದ್ದೇನೆ. ತಿಂಡಿಯ ಜವಾಬ್ದಾರಿ ಬೀಳಲು ಇನ್ನೇನು ಅರ್ಹತೆ ಬೇಕು?

ಥೀಸಿಸ್ ಬರೆಯುವುದು ಕಷ್ಟ, ನಿದ್ದೆ ಕೆಡುತ್ತದೆ, ಗೈಡ್ ಕೈಗೆ ಸಿಗುವುದಿಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ನನ್ನ ತಕರಾರು ಗೋಡಂಬಿಯ ಮೇಲೆ.

ವೈವಾ ನಡೆಯುವ ಕೋಣೆಗಳನ್ನು ನಾನು ಕಂಡಿದ್ದೇನೆ. ಪೀಣ್ಯದಲ್ಲಿದ್ದಾಗ ಕಾಲೇಜಿನವರು ‘ಇಂಡಸ್ಟ್ರಿ ಪ್ರತಿನಿಧಿ’ ಎಂದು ಆಗಾಗ ಕರೆದು ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ತಟ್ಟೆ ಇಡುವುದಕ್ಕೂ ಒಂದು ಕ್ರಮವಿದೆ. ಪಾರದರ್ಶಕ ಹಾಳೆ ಸುತ್ತಿದ ತಟ್ಟೆ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರ, ಎದುರಿಗೆ, ಅವರ ಕೈ ಸುಲಭವಾಗಿ ಎಟಕುವಷ್ಟು ದೂರದಲ್ಲಿ ಕೂರುತ್ತದೆ. ಮೊದಲ ಮೂರು ಸ್ಲೈಡ್ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಆಮೇಲೆ ಗೈಡ್ ಆ ಹಾಳೆಯನ್ನು ಸದ್ದಾಗದಂತೆ ಬಿಚ್ಚಿ, ‘ತಗೊಳ್ಳಿ ಸಾರ್’ ಎಂದು ಕಣ್ಣಲ್ಲೇ ಹೇಳುತ್ತಾರೆ. ಆ ಹೊತ್ತಿಗೆ ಹುಡುಗಿ ತನ್ನ ನಾಲ್ಕನೇ ಅಧ್ಯಾಯದಲ್ಲಿ, ಅಂದರೆ ಜೀವಮಾನದ ಅತಿ ಕಷ್ಟದ ಗ್ರಾಫಿನ ಎದುರು, ನಿಂತಿರುತ್ತಾಳೆ. ‘ಇದರಲ್ಲಿ ನಿನ್ನ ಸ್ವಂತದ್ದು ಏನಮ್ಮಾ?’ ಎಂಬ ಪ್ರಶ್ನೆ ಬರುವುದಿದ್ದರೆ ಮೊದಲ ಗೋಡಂಬಿಗೂ ಕಾಫಿಗೂ ನಡುವೆಯೇ ಬರಬೇಕು. ಕಾಫಿ ಬಂದ ಮೇಲೆ ನಾಲ್ಕನೇ ಅಧ್ಯಾಯದ ಮೇಲೆ ಪ್ರಶ್ನೆ ಕೇಳಿದ ಪರೀಕ್ಷಕರನ್ನು ನಾನು ಕಂಡಿಲ್ಲ. ಗೈಡಿಗಿಂತ ಹೆಚ್ಚಾಗಿ ಇದನ್ನು ಬಲ್ಲವರು ತಾಯಂದಿರು. ನನ್ನ ತಂಗಿ ಮಗಳ ಥೀಸಿಸ್ಸಿನ ಒಂದು ಪುಟವನ್ನೂ ಓದಿಲ್ಲ. ಆದರೆ ಅದನ್ನು ದಡ ಸೇರಿಸುವ ವಿದ್ಯೆ ಅವಳ ಪಟ್ಟಿಯಲ್ಲಿದೆ.

ಯುಜಿಸಿಯವರು 2018ರಲ್ಲಿ ನಕಲಿಗೆ ನಿಯಮ ಮಾಡಿದರು. ಥೀಸಿಸ್ಸಿನಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ನಡುವಿನ ಮೆಟ್ಟಿಲುಗಳಿಗೂ ತಕ್ಕ ಶಿಕ್ಷೆಗಳಿವೆ. ಗೋಡಂಬಿಯ ಬಗ್ಗೆ ಆ ನಿಯಮಾವಳಿ ಮೌನ. ಗ್ರಾಮ್ ಲೆಕ್ಕದಲ್ಲಾದರೂ ಒಂದು ಮಿತಿ ಹಾಕಬಹುದಿತ್ತು.

ಹುಡುಗಿಯ ವಿಷಯ ಮಾತ್ರ ಚೆನ್ನಾಗಿದೆ. ಪ್ರಾಸೆಸರಿನ ಪಕ್ಕದಲ್ಲೇ ಕ್ಯಾಶ್ ಎಂಬ ಚಿಕ್ಕ, ಚುರುಕಾದ ನೆನಪಿನ ಜಾಗ ಇರುತ್ತದಂತೆ. ಅದು ತುಂಬಿ, ಹೊಸದು ಬಂದಾಗ ಹಳೆಯದರಲ್ಲಿ ಯಾವುದನ್ನು ಹೊರಗೆ ಹಾಕಬೇಕು ಎಂಬುದೇ ಇವಳ ಥೀಸಿಸ್. ಇದಕ್ಕೆ ಅತ್ಯುತ್ತಮ ಉತ್ತರವನ್ನು ಐಬಿಎಂನ ಬೆಲಾಡಿ ಎಂಬಾತ 1966ರಲ್ಲೇ ಹೇಳಿಬಿಟ್ಟಿದ್ದಾನೆ: ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ತೆಗೆ. ಮುಂದೆ ಏನು ಬೇಕಾಗುತ್ತದೆಂದು ಗೊತ್ತಿರಬೇಕು, ಅಷ್ಟೇ ತೊಡಕು. ಅಂದಿನಿಂದ ಇಂದಿನವರೆಗೆ ಇವರೆಲ್ಲ ಭವಿಷ್ಯ ಊಹಿಸುತ್ತ ಥೀಸಿಸ್ ಬರೆಯುತ್ತಿದ್ದಾರೆ. ಜ್ಯೋತಿಷಿಗಳು ಇದೇ ಕೆಲಸಕ್ಕೆ ವೈವಾ ಕೊಡಬೇಕಾಗಿಲ್ಲ.

‘ಹಾರ್ಡ್‌ವೇರ್ ಮಾವ, ನಿಮಗೆ ಬೋರ್ ಆಗುತ್ತೆ’ ಎಂದಳು ಒಮ್ಮೆ. ನನಗೆ! ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುತ್ತ ತಲೆ ನರೆಸಿಕೊಂಡವನಿಗೆ! ಯಂತ್ರ ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್ ಬರುವ ಮೊದಲು ನಮ್ಮ ಬುದ್ಧಿಯೆಲ್ಲ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಲ್ಲಿತ್ತು. ಎರಡು ಕಾಂಟ್ಯಾಕ್ಟುಗಳನ್ನು ಸಾಲಾಗಿ ಕೂಡಿಸಿದರೆ ‘ಇದೂ ಬೇಕು, ಅದೂ ಬೇಕು’. ಪಕ್ಕಪಕ್ಕ ಕೂಡಿಸಿದರೆ ‘ಯಾವುದೋ ಒಂದಾದರೆ ಸಾಕು’. ಸ್ಟಾರ್ಟ್ ಗುಂಡಿ ಒತ್ತಿ ಬೆರಳು ತೆಗೆದ ಮೇಲೂ ಮೋಟಾರ್ ಓಡುತ್ತಿರಬೇಕೆಂದರೆ ಕಾಂಟ್ಯಾಕ್ಟರಿನದೇ ಒಂದು ಕಾಂಟ್ಯಾಕ್ಟನ್ನು ಗುಂಡಿಗೆ ಪಕ್ಕದಲ್ಲಿ ಕಟ್ಟುತ್ತಿದ್ದೆವು. ತಾನು ಎಳೆದುಕೊಂಡದ್ದನ್ನು ತಾನೇ ಹಿಡಿದುಕೊಳ್ಳುವ ಆ ‘ಟಕ್’ ಸದ್ದಿನಲ್ಲಿ ಕಂಪ್ಯೂಟರಿನ ನೆನಪೂ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ರಿಲೇಗಳಲ್ಲಿ ತರ್ಕವೇ ಅಡಗಿದೆ ಎಂದು ಹೇಳಿದವನು ಕ್ಲಾಡ್ ಶಾನನ್. ಎಂಐಟಿಯಲ್ಲಿ 1937ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ರಿಲೇ ಸರ್ಕಿಟ್‌ಗಳ ಮೇಲೆ ಬರೆದ ಸ್ನಾತಕೋತ್ತರ ಥೀಸಿಸ್ಸಿನಲ್ಲಿ. ಅಲ್ಲಿನ ದೊಡ್ಡ ಗಣಕಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದವನಿಗೆ ಅದರೊಳಗಿನ ರಿಲೇಗಳ ಜಂಜಾಟಕ್ಕೂ ಜಾರ್ಜ್ ಬೂಲ್ 1854ರಲ್ಲಿ ಬರೆದಿಟ್ಟ ತರ್ಕದ ಬೀಜಗಣಿತಕ್ಕೂ ನೆಂಟಸ್ತಿಕೆ ಕಂಡಿತು. ಹುಡುಗ ಅಡ್ಡಿಯನ್ನು ಎಣಿಸಿದ: ತೆರೆದ ಸಂಪರ್ಕಕ್ಕೆ ಒಂದು, ಮುಚ್ಚಿದ್ದಕ್ಕೆ ಸೊನ್ನೆ. ಹಾಗಾಗಿ ಅವನಿಗೆ ಸಾಲು ಜೋಡಣೆ ಕೂಡುವ ಲೆಕ್ಕ, ಇಂದಿನ ಪಾಠಕ್ಕೆ ತಿರುಗುಮುರುಗು. ಕೊನೆಯಲ್ಲಿ ಉದಾಹರಣೆಗೆಂದು ವಿದ್ಯುತ್ ಬೀಗವೊಂದನ್ನೂ, ಸೊನ್ನೆ-ಒಂದುಗಳಲ್ಲೇ ಕೂಡುವ ಸರ್ಕಿಟ್ಟೊಂದನ್ನೂ ಬಿಡಿಸಿಟ್ಟ. ವೈಟ್‌ಫೀಲ್ಡಿನಲ್ಲಿ ಇವತ್ತು ಚಿಪ್ ವಿನ್ಯಾಸ ಮಾಡುವ ಪ್ರತಿ ಮಗುವೂ ಆ ಥೀಸಿಸ್ಸಿನ ಮನೆ ಅಳಿಯನೇ. ಶಾನನ್‌ನ ಪರೀಕ್ಷಕರ ಮುಂದೆ ಯಾವ ತಟ್ಟೆ ಇತ್ತೋ!

ನನ್ನ ಪ್ರಕಾರ ಎಕ್ಸ್‌ಟರ್ನಲ್ ಅಂದರೆ ಬೇಲೂರಿಗೆ ಬಂದ ಆ ಹುಡುಗನಂತಿರಬೇಕು. ಕತೆ ಹೊಸದಲ್ಲ. ಶಿಲ್ಪಿ ಜಕಣಾಚಾರಿ ಕಡೆದ ಚೆನ್ನಿಗರಾಯನ ವಿಗ್ರಹದಲ್ಲಿ ದೋಷವಿದೆ ಎಂದ. ಮೈಗೆಲ್ಲ ಗಂಧ ಬಳಿಸಿದ. ಎಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಜೀವಂತ ಕಪ್ಪೆ. ದೋಷ ಕಂಡರೆ ಕೈ ಕಡಿದುಕೊಳ್ಳುವೆನೆಂಬ ಪಂಥದಂತೆ ಜಕಣಾಚಾರಿ ಬಲಗೈ ಕಡಿದುಕೊಂಡ, ಆಮೇಲೆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿಯಿತು. ಜಕಣಾಚಾರಿಯ ಹೆಸರು ಶಾಸನಗಳಲ್ಲಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಬೇಲೂರಿನ ಕಲ್ಲುಗಳ ಮೇಲೆ ನಿಜವಾಗಿ ಸಹಿ ಮಾಡಿರುವ ತಂದೆ-ಮಗ ಬಳ್ಳಿಗಾವೆಯ ದಾಸೋಜ ಮತ್ತು ಚಾವಣ. ಇರಲಿ. ಆ ಹುಡುಗ ಪರೀಕ್ಷೆ ಮುಗಿಯುವ ಮೊದಲು ಏನನ್ನಾದರೂ ಬಾಯಿಗೆ ಹಾಕಿಕೊಂಡ ಎಂದು ಯಾವ ಕತೆಗಾರನೂ ಹೇಳಿಲ್ಲ, ಇದನ್ನು ಗಮನಿಸಿ.

ಚಿಪ್ಪಿನೊಳಗೂ ಕಪ್ಪೆ ಕೂರುತ್ತದೆ. 1994ರಲ್ಲಿ ವರ್ಜೀನಿಯಾದ ಗಣಿತದ ಮೇಷ್ಟ್ರು ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಹಾಕುತ್ತ ಕುಳಿತಿದ್ದಾಗ ಇಂಟೆಲ್‌ನ ಪೆಂಟಿಯಂ ಭಾಗಾಕಾರ ತಪ್ಪುವುದು ಕಂಡಿತು. ಭಾಗಾಕಾರದ ಕೋಷ್ಟಕದಲ್ಲಿ ಇರಬೇಕಿದ್ದ 1,066 ನಮೂದುಗಳಲ್ಲಿ ಐದು ಬಿಟ್ಟುಹೋಗಿದ್ದವು. ಕಂಪನಿಗೂ ಅಷ್ಟರಲ್ಲಿ ವಿಷಯ ಗೊತ್ತಿತ್ತು, ಆದರೆ ಊರಿಗೆಲ್ಲ ಗೊತ್ತಾಗಿದ್ದು ಮೇಷ್ಟ್ರಿಂದ. ಕೈ ಕಡಿದುಕೊಂಡ ಲೆಕ್ಕ 47.5 ಕೋಟಿ ಡಾಲರ್. ಆಮೇಲೆ ಗಂಧ ಬಳಿಯುವುದೇ ಒಂದು ದೊಡ್ಡ ಕಸುಬಾಯಿತು. ಸೊಸೆ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಇಂಟರ್ನ್ ಆಗಿ ಹಗಲಿಡೀ ಮಾಡುವ ವೆರಿಫಿಕೇಶನ್ ಅದೇ: ಬೇರೆಯವರ ಚಿಪ್ ವಿನ್ಯಾಸದಲ್ಲಿ ಹಸಿ ಜಾಗ ಹುಡುಕುವುದು. ಅಂಥವಳ ಥೀಸಿಸ್ಸಿಗೆ ಗೋಡಂಬಿಯ ಕಾವಲು!

ತರುವುದಂತೂ ತರುತ್ತೇನೆ, ತಂಗಿಯ ಮಾತು ಮೀರುವ ಗಂಡಸು ನಾನಲ್ಲ. ಆದರೆ ಮನಸ್ಸು ಶಾನನ್‌ನನ್ನು ಬಿಡಲೊಲ್ಲದು. ಮುಂದೆ ಅವನು ಬೆಲ್ ಲ್ಯಾಬ್ಸಿನ ಕಾರಿಡಾರಿನಲ್ಲಿ ಒಂಟಿಚಕ್ರದ ಸೈಕಲ್ ಓಡಿಸಿಕೊಂಡು ಓಡಾಡುತ್ತಿದ್ದನಂತೆ. ಗಣಕ ವಿಜ್ಞಾನಿ ಮಾರ್ವಿನ್ ಮಿನ್ಸ್‌ಕಿಯ ತಲೆಯಲ್ಲಿ ಹೊಳೆದ ಪೆಟ್ಟಿಗೆಯೊಂದನ್ನೂ ಕಟ್ಟಿದ. ಮೇಲೊಂದೇ ಸ್ವಿಚ್. ಹಾಕಿದರೆ ಮುಚ್ಚಳ ತೆರೆಯುತ್ತದೆ, ಒಳಗಿಂದ ಕೈಯೊಂದು ಬಂದು ಸ್ವಿಚ್ ಆರಿಸಿ ಮತ್ತೆ ಒಳಸೇರುತ್ತದೆ. ಅಷ್ಟೇ, ಬೇರೆ ಉಪಯೋಗವಿಲ್ಲ. ಒಂದು ಗೇರ್ ಮೋಟಾರ್, ಒಂದು ಲಿಮಿಟ್ ಸ್ವಿಚ್, ಒಂದು ರಿಲೇ ಇದ್ದರೆ ನಾನೂ ಕಟ್ಟಬಲ್ಲೆ. ಪೀಣ್ಯದ ಹಳೆಯ ಶೀಟ್ ಮೆಟಲ್ ಗೆಳೆಯನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡ. ‘ಆಗಲಿ ಸಾರ್, ಪೌಡರ್ ಕೋಟಿಂಗ್ ಯಾವ ಬಣ್ಣ?’ ಎಂದ. ಪ್ಯಾನೆಲ್ಲಿನ ಬೂದು ಬಣ್ಣವೇ ಇರಲಿ ಎಂದೆ. ‘ನೇಮ್ ಪ್ಲೇಟಿನ ಮೇಲೆ ಏನು ಮಷೀನ್ ಅಂತ ಹಾಕಿಸ್ಲಿ?’ ಎಂದ. ಅದೊಂದು ಇನ್ನೂ ತೀರ್ಮಾನವಾಗಿಲ್ಲ.