ವಿದ್ಯುತ್ ಬಂಡಿಯಲ್ಲಿ ಯೆಲ್ಲೋಸ್ಟೋನಿಗೆ: ಒಂದು ಸಂಸಾರದ ಪ್ರಯಾಣಸಿದ್ಧತೆ

ಎತ್ತಿನ ಗಾಡಿಯನ್ನು ಹೂಡಿ ಜಾತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಹೊರಡುವುದಕ್ಕೆ ಮುಂಚೆ ಮೂರು ಸಂಗತಿಗಳನ್ನು ತಪ್ಪದೆ ವಿಚಾರಿಸುತ್ತಿದ್ದರು: ದಾರಿಯಲ್ಲಿ ಎತ್ತುಗಳಿಗೆ ನೀರೆಲ್ಲಿ, ಹಗಲಿನಲ್ಲಿ ನೆರಳೆಲ್ಲಿ, ರಾತ್ರಿ ತಂಗಲು ಛತ್ರವೆಲ್ಲಿ. ಪೆಟ್ರೋಲಿನ ಮೋಟಾರು ಬಂದ ಮೇಲೆ ಈ ವಿಚಾರಣೆಯು ಹಿಂದಾಯಿತು. ವಿದ್ಯುಚ್ಛಕ್ತಿಯಿಂದ ನಡೆಯುವ ವಾಹನಗಳು ಬಂದು ಅದೇ ಪ್ರಶ್ನೆಗಳನ್ನು ಈಗ ಮತ್ತೆ ನಮ್ಮ ಮುಂದೆ ತಂದಿಟ್ಟಿವೆ. ಅಂತಹ ವಾಹನದಲ್ಲಿ ಸಂಸಾರಸಮೇತರಾಗಿ ದೂರದೇಶವನ್ನು ದಾಟಬೇಕೆನ್ನುವವರಿಗೆ ಉಪಯೋಗವಾದೀತೆಂದು ನಮ್ಮ ಸಿದ್ಧತೆಯ ವಿವರವನ್ನು ಇಲ್ಲಿ ಬರೆದಿದ್ದೇವೆ.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಫ್ರೀಮಾಂಟ್ ಪಟ್ಟಣದಲ್ಲಿ. ನಾವಿಬ್ಬರು, ಮಕ್ಕಳಿಬ್ಬರು, ಮೈಸೂರಿನಿಂದ ಬಂದಿರುವ ನಮ್ಮ ತಾಯಿಯವರು, ಹೀಗೆ ಐವರ ಸಂಸಾರ. ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ಸಕ್ಕರೆ ಕಾಯಿಲೆಗಾಗಿ ದಿನವೂ ಇನ್ಸುಲಿನ್ ತೆಗೆದುಕೊಳ್ಳತಕ್ಕವರು. ಸೆಪ್ಟೆಂಬರಿನಲ್ಲಿ ಊರಿಗೆ ಹಿಂದಿರುಗುವರು. ಇಷ್ಟು ದೂರದ ವಿಮಾನಪ್ರಯಾಣವನ್ನು ಇನ್ನೊಮ್ಮೆ ಮಾಡಲಾರೆನೆಂದು ಅವರೇ ಹೇಳಿಬಿಟ್ಟಿರುವರು. ಮೂರು ತಲೆಮಾರಿನವರು ಒಟ್ಟಾಗಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ನೋಡುವುದಾದರೆ ಈ ಬೇಸಗೆಯಲ್ಲಿಯೇ ನೋಡಬೇಕು. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ನಮಗೆ ಸಮ್ಮತವಿಲ್ಲ. ಕರೆದುಕೊಂಡು ಹೋದ ಮೇಲೆ ನೆವಾಡದ ಮರುಭೂಮಿಯ ನಡುವೆ ಬ್ಯಾಟರಿ ಬರಿದಾಗಿ ಅವರನ್ನು ಬಿಸಿಲಿನಲ್ಲಿ ಕೂರಿಸುವಂತಾಗಲೂ ಕೂಡದು. ನಮ್ಮ ಲೆಕ್ಕಾಚಾರವೆಲ್ಲವೂ ಇದೊಂದನ್ನೇ ಮುಂದಿಟ್ಟುಕೊಂಡು ನಡೆಯಿತು.

ಮೊದಲು ಬಂಡಿಯ ವಿಷಯ. ನಮ್ಮದು ೨೦೨೨ರಲ್ಲಿ ಹೊರಬಂದ ಫೋರ್ಡ್ ಎಫ್-೧೫೦ ಲೈಟ್ನಿಂಗ್ ಎಂಬ ಟ್ರಕ್ಕು. ಇದರ ದೊಡ್ಡ ಬ್ಯಾಟರಿಯು ೧೩೧ ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ; ಪೂರ್ಣ ತುಂಬಿಸಿದರೆ ೩೨೦ ಮೈಲಿ ಹೋಗುವುದೆಂದು ಸರ್ಕಾರದ ಪರೀಕ್ಷೆಯ ಅಂಕಿ. ಆದರೆ ಹೆದ್ದಾರಿಯಲ್ಲಿ ವೇಗವು ಹೆಚ್ಚಿದಷ್ಟೂ ಗಾಳಿಯ ಅಡ್ಡಿಯು ಬಹಳವಾಗಿ ಹೆಚ್ಚುವುದರಿಂದ, ಗಂಟೆಗೆ ೭೫ ಮೈಲಿಯ ಓಟದಲ್ಲಿ ಒಂದು ಯೂನಿಟ್ಟಿಗೆ ಎರಡು ಮೈಲಿ ಸಿಕ್ಕಿದರೆ ಸಂತೋಷಪಡಬೇಕು. ಆ ಲೆಕ್ಕಕ್ಕೆ ೩೨೦ ಎಂಬುದು ೨೬೦ಕ್ಕೆ ಇಳಿಯಿತು. ಇದಲ್ಲದೆ ವೇಗದ ಚಾರ್ಜಿಂಗ್ ನಿಲ್ದಾಣದಲ್ಲಿ ನೂರಕ್ಕೆ ೧೫ರಿಂದ ೮೦ರವರೆಗೆ ತುಂಬಲು ಸುಮಾರು ಮುಕ್ಕಾಲು ಗಂಟೆ ಸಾಕು. ಉಳಿದ ೨೦ ಭಾಗವು ಆಮೆಯ ನಡಿಗೆಯಲ್ಲಿ ತುಂಬುತ್ತದೆ. ಆದಕಾರಣ ದಾರಿಯಲ್ಲಿ ೮೦ಕ್ಕೆ ನಿಲ್ಲಿಸಿ ಮುಂದಕ್ಕೆ ಹೊರಡುವುದೇ ಜಾಣತನ. ತಳದಲ್ಲಿ ಸ್ವಲ್ಪ ಉಳಿಸಿಕೊಳ್ಳಬೇಕಾದುದರಿಂದ, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ೧೭೦ ಮೈಲಿಗಿಂತ ಹೆಚ್ಚು ಅಂತರವಿರಬಾರದೆಂದು ಗೊತ್ತುಮಾಡಿಕೊಂಡೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಬ್ಯಾಟರಿಗೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪದು.

ಹಾಸಿಗೆ, ಒಲೆ, ಸ್ನಾನಗೃಹ ಎಲ್ಲವೂ ಉಳ್ಳ ಗಾಲಿಮನೆಯೊಂದನ್ನು ಬಾಡಿಗೆಗೆ ತಂದು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗೋಣವೆಂದು ಮಕ್ಕಳ ಹಟ. ತಾಯಿಯವರಿಗೂ ಅದರಿಂದ ಅನುಕೂಲವಾಗುತ್ತಿತ್ತು. ಆದರೆ ಎತ್ತರವಾದ ಗಾಲಿಮನೆಯನ್ನು ಎಳೆಯುವಾಗ ವಿದ್ಯುತ್ ಟ್ರಕ್ಕಿನ ಓಟವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ೨೬೦ ಮೈಲಿಯು ೧೩೦ ಆಗಿ, ಅದರಲ್ಲಿ ಬಳಸಬಹುದಾದುದು ೯೦ ಮಾತ್ರ. ನೆವಾಡದ ಎಲ್ಕೋ ಎಂಬ ಊರಿನಿಂದ ವೆಸ್ಟ್ ವೆಂಡೋವರಿಗೆ ೧೧೦ ಮೈಲಿ. ನಡುವೆ ೬,೯೬೭ ಅಡಿ ಎತ್ತರದ ಪೆಕ್ವಾಪ್ ಕಣಿವೆಯನ್ನು ಬೇರೆ ಹತ್ತಬೇಕು. ಸಾಲದುದಕ್ಕೆ ಅನೇಕ ನಿಲ್ದಾಣಗಳಲ್ಲಿ ಗಾಲಿಮನೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಲ್ಲದೆ ಚಾರ್ಜು ಮಾಡಲಾಗದು. ಮಕ್ಕಳ ಮುಂದೆ ಕಾಗದ ಪೆನ್ಸಿಲುಗಳನ್ನು ಇಟ್ಟು ಈ ಲೆಕ್ಕವನ್ನು ಅವರಿಂದಲೇ ಮಾಡಿಸಿದೆವು. ಮೊಗವು ಸಣ್ಣದಾಯಿತು, ಆದರೂ ಒಪ್ಪಿದರು. ಗಾಲಿಮನೆಯ ಹಣದಲ್ಲಿ ಊರೂರಿನ ವಸತಿಗೃಹಗಳಲ್ಲಿ ನೆಲಮಾಳಿಗೆಯ ಮಟ್ಟದ, ಮೆಟ್ಟಿಲಿಲ್ಲದ ಕೋಣೆಗಳನ್ನು ಗೊತ್ತುಮಾಡಿದೆವು. ರಾತ್ರಿಯೆಲ್ಲ ಬಂಡಿಗೆ ವಿದ್ಯುತ್ತು ಕೊಡುವ ವಸತಿಗೃಹಗಳನ್ನೇ ಸಾಧ್ಯವಾದ ಕಡೆ ಆರಿಸಿದೆವು. ಜನರು ಮಲಗಿರುವಾಗಲೇ ಎತ್ತೂ ಮೇಯುವುದು ಲೇಸಲ್ಲವೆ?

ಫ್ರೀಮಾಂಟಿನಿಂದ ಯೆಲ್ಲೋಸ್ಟೋನಿನ ಪಶ್ಚಿಮ ಬಾಗಿಲಿಗೆ ನಾವು ಹೋಗುವ ಮಾರ್ಗದಲ್ಲಿ ಸುಮಾರು ೧,೦೮೦ ಮೈಲಿ. ಇದನ್ನು ನಾಲ್ಕು ದಿನದ ಓಟವಾಗಿ ಹಂಚಿದ್ದೇವೆ. ಮೊದಲನೆಯ ದಿನ ಸಿಯೆರಾ ನೆವಾಡ ಪರ್ವತವನ್ನು ದಾಟಿ ರೀನೋ ಪಟ್ಟಣದಲ್ಲಿ ವಸತಿ. ಸಮುದ್ರಮಟ್ಟದಿಂದ ಹೊರಟು ೭,೨೦೦ ಅಡಿಗೂ ಮೇಲಿರುವ ಡಾನರ್ ಶಿಖರದ ದಾರಿಯನ್ನು ಏರಬೇಕು. ಮೂರು ಟನ್ನಿಗೂ ಮಿಕ್ಕ ಬಂಡಿಯನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು ೨೦ ಯೂನಿಟ್ ಬೇಕಾಗುತ್ತದೆ. ಇದು ದಾರಿಯ ಮಾಮೂಲು ವೆಚ್ಚದ ಮೇಲೆ ಬೀಳುವ ಹೆಚ್ಚಿನ ತೆರಿಗೆ. ಇಳಿಜಾರಿನಲ್ಲಿ ಗಾಲಿಗಳೇ ಮೋಟಾರನ್ನು ತಿರುಗಿಸಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಹಿಂದಕ್ಕೆ ಕೊಡುವುದುಂಟು; ಆದರೆ ಬರಬೇಕಾದ ಸಾಲವನ್ನು ನೆಚ್ಚಿ ಸಂತೆಗೆ ಹೋಗಬಾರದು. ಆದ್ದರಿಂದ ಸ್ಯಾಕ್ರಮೆಂಟೋ ದಾಟಿ ಘಟ್ಟದ ಬುಡದಲ್ಲಿಯೇ ಒಮ್ಮೆ ತುಂಬಿಸಿಕೊಳ್ಳುವೆವು.

ಈ ಕಣಿವೆಗೆ ಹೆಸರು ಬಂದ ಕಥೆಯನ್ನು ಪ್ರಯಾಣಿಕರು ತಿಳಿದಿರಬೇಕು. ೧೮೪೬ರಲ್ಲಿ ಡಾನರ್ ಮತ್ತು ರೀಡ್ ಎಂಬ ಮನೆತನಗಳ ಮುಂದಾಳುತನದಲ್ಲಿ ಎಂಬತ್ತಕ್ಕೂ ಮಿಕ್ಕ ಜನರು ಎತ್ತಿನ ಬಂಡಿಗಳಲ್ಲಿ ಕ್ಯಾಲಿಫೋರ್ನಿಯಕ್ಕೆ ಬರುತ್ತಿದ್ದರು. ಯಾರೋ ಹೇಳಿದ ಹೊಸ ಅಡ್ಡದಾರಿಯನ್ನು ನಂಬಿ ಅವರು ಉಪ್ಪಿನ ಮರುಭೂಮಿಯನ್ನು ಹೊಕ್ಕರು, ಎತ್ತುಗಳನ್ನು ಕಳೆದುಕೊಂಡರು, ವಾರಗಟ್ಟಲೆ ತಡವಾಗಿ ಈ ಪರ್ವತದ ಅಡಿಗೆ ಬರುವಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಯಿತು. ಆ ಚಳಿಗಾಲ ಕಳೆಯುವುದರೊಳಗೆ ಹತ್ತಿರಹತ್ತಿರ ಅರ್ಧ ಮಂದಿ ಮಡಿದರು. ಅವರೊಡನೆ ಮುದುಕರೂ ಹಸುಗೂಸುಗಳೂ ಇದ್ದರು. ತಾಯಿಯವರಿಗೆ ಇದನ್ನು ಓದಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ದಾರಿ ಕೇಳಿದರೆ ಹೋಗಿ ಬಂದವರನ್ನು ಕೇಳಬೇಕಪ್ಪ” ಎಂದರು.

ಎರಡನೆಯ ದಿನ ರೀನೋದಿಂದ ಎಲ್ಕೋವರೆಗೆ ೨೯೦ ಮೈಲಿ. ಪ್ರಯಾಣದಲ್ಲೆಲ್ಲ ನಮಗೆ ಹೆಚ್ಚು ಚಿಂತೆಯಿದ್ದುದು ಈ ದಿನದ್ದೇ. ಹಂಬೋಲ್ಟ್ ಎಂಬ ನದಿಯು ಸಮುದ್ರವನ್ನು ಸೇರದೆ ಇಲ್ಲಿಯ ಮರಳಿನಲ್ಲಿಯೇ ಇಂಗಿಹೋಗುತ್ತದೆ. ಅದರ ದಂಡೆಯನ್ನು ಹಿಡಿದೇ ಹಿಂದಿನ ವಲಸೆಯವರ ಬಂಡಿಗಳು ನಡೆದವು. ಈಗಿನ ೮೦ನೆಯ ಹೆದ್ದಾರಿಯೂ ಬಹುಮಟ್ಟಿಗೆ ಅದೇ ಜಾಡಿನಲ್ಲಿ ಹೋಗುತ್ತದೆ. ನದಿಯು ಇಂಗುವ ಸ್ಥಳದಿಂದ ಮುಂದಿನ ನದಿಯವರೆಗೆ ನಲವತ್ತು ಮೈಲಿ ಕುಡಿಯುವ ನೀರಿಲ್ಲದ ಬಯಲು. ಎತ್ತುಗಳು ಬಾಯಾರಿ ಸಾಯದಿರಲೆಂದು ಅದನ್ನು ರಾತ್ರಿಯ ತಂಪಿನಲ್ಲಿ ದಾಟುತ್ತಿದ್ದರಂತೆ. ನಮ್ಮ ದಾರಿಯಲ್ಲಿ ಲವ್‌ಲಾಕ್, ವಿನ್ನೆಮಕ್ಕ, ಬ್ಯಾಟಲ್ ಮೌಂಟನ್, ಎಲ್ಕೋ ಎಂಬ ನಾಲ್ಕು ಊರುಗಳಲ್ಲಿ ಚಾರ್ಜಿಂಗ್ ನಿಲ್ದಾಣಗಳುಂಟು. ಯಾವ ಎರಡರ ನಡುವೆಯೂ ೧೦೦ ಮೈಲಿಯಿಲ್ಲ. ೨೦೨೪ರ ಫೆಬ್ರವರಿ ಕೊನೆಯಲ್ಲಿ ಟೆಸ್ಲಾ ಸಂಸ್ಥೆಯ ನಿಲ್ದಾಣಗಳಲ್ಲಿ ಬಹುಪಾಲು ಫೋರ್ಡ್ ಬಂಡಿಗಳಿಗೂ ತೆರೆದುದರಿಂದ ಈ ದಾರಿಯು ಸುಲಭವಾಯಿತು. ಅದಕ್ಕೆ ಬೇಕಾದ ಜೋಡಣೆಯ ತುಂಡನ್ನು ಮರೆಯದೆ ಒಯ್ಯಬೇಕು. ಅಂಗೈಯಲ್ಲಿ ಹಿಡಿಯುವ ಆ ವಸ್ತುವಿಲ್ಲದಿದ್ದರೆ ತುಂಬಿದ ಕೆರೆಯ ಮುಂದೆ ತಂಬಿಗೆಯಿಲ್ಲದೆ ನಿಂತಂತೆ.

ಆದರೂ ನಿಲ್ದಾಣವು ಕೆಟ್ಟಿರಬಹುದು, ಸರತಿಯ ಸಾಲು ಉದ್ದವಾಗಿರಬಹುದು. ಅದಕ್ಕಾಗಿ ಒಂದು ನಿಯಮ ಮಾಡಿಕೊಂಡೆವು: ಯಾವ ನಿಲ್ದಾಣವನ್ನು ತಲುಪಿದರೂ, ಅಲ್ಲಿ ಏನೂ ದೊರೆಯದೆ ಹೋದರೂ, ಅದಕ್ಕೂ ಮುಂದಿನ ನಿಲ್ದಾಣವನ್ನು ಮುಟ್ಟುವಷ್ಟು ವಿದ್ಯುತ್ತು ಉಳಿದಿರಬೇಕು. ಸಾಲದೆಂದು ತೋರಿದರೆ ವೇಗವನ್ನು ೬೫ ಮೈಲಿಗೆ ಇಳಿಸುವುದು; ಇದರಿಂದ ಓಟವು ಗಣನೀಯವಾಗಿ ಹೆಚ್ಚುತ್ತದೆ.

ಮೂರನೆಯ ದಿನ ಎಲ್ಕೋದಿಂದ ಸಾಲ್ಟ್ ಲೇಕ್ ಸಿಟಿಗೆ ೨೩೦ ಮೈಲಿ. ವೆಲ್ಸ್ ಎಂಬ ಊರಿನಲ್ಲಿ ಉತ್ತರಕ್ಕೆ ತಿರುಗಿ ಐಡಹೋ ಮಾರ್ಗವಾಗಿ ಹೋದರೆ ಸುಮಾರು ೧೦೦ ಮೈಲಿ ಉಳಿತಾಯ; ಅನೇಕರು ಹೋಗುವುದೂ ಹಾಗೆಯೇ. ನಾವು ದೂರದ ದಾರಿಯನ್ನೇ ಆರಿಸಿದೆವು. ದೊಡ್ಡ ಪಟ್ಟಣವೊಂದರಲ್ಲಿ ತಾಯಿಯವರಿಗೆ ಒಂದು ಇಡೀ ದಿನ ವಿಶ್ರಾಂತಿ ಸಿಕ್ಕುವುದು; ಬೇಕಾದರೆ ವೈದ್ಯರೂ ಔಷಧದ ಅಂಗಡಿಯೂ ಹತ್ತಿರದಲ್ಲಿರುವುದು. ದಾರಿಯಲ್ಲಿ ಬಾನ್ವಿಲ್ ಉಪ್ಪಿನ ಬಯಲನ್ನೂ ನೋಡಬಹುದು. ಕಣ್ಣು ಹಾಯುವವರೆಗೆ ಹಾಲು ಚೆಲ್ಲಿದಂತಿರುವ ಆ ಬಯಲಿನಲ್ಲಿ ೧೯೭೦ರಲ್ಲಿ ಬ್ಲೂ ಫ್ಲೇಮ್ ಎಂಬ ರಾಕೆಟ್ ವಾಹನವು ಗಂಟೆಗೆ ೬೨೨ ಮೈಲಿಯ ವೇಗದಲ್ಲಿ ಓಡಿತು. ಅದರ ಪಕ್ಕದಲ್ಲಿಯೇ ನಾವು ೬೫ರಲ್ಲಿ ಗಂಭೀರವಾಗಿ ಸಾಗುವೆವು. ವಿಶ್ರಾಂತಿಯ ಮರುದಿನ ಐಡಹೋ ಫಾಲ್ಸ್ ಮೂಲಕ ೩೨೦ ಮೈಲಿ ನಡೆದು ವೆಸ್ಟ್ ಯೆಲ್ಲೋಸ್ಟೋನ್ ಸೇರುವುದು.

ಯೆಲ್ಲೋಸ್ಟೋನ್ ೧೮೭೨ರಲ್ಲಿ ಸ್ಥಾಪಿತವಾದ, ಅಮೆರಿಕದ ಮೊದಲನೆಯ ರಾಷ್ಟ್ರೀಯ ಉದ್ಯಾನ. ನೆಲದಡಿಯ ಬಿಸಿಯಿಂದ ಕುದಿಯುವ ಹತ್ತು ಸಾವಿರಕ್ಕೂ ಮಿಕ್ಕ ಬಿಸಿನೀರಿನ ಕೊಳ, ಬುಗ್ಗೆ, ಕೆಸರುಗುಂಡಿಗಳು ಅಲ್ಲಿವೆ. ನೀರನ್ನು ಆಕಾಶಕ್ಕೆ ಚಿಮ್ಮಿಸುವ ಬುಗ್ಗೆಗಳೇ ಐದುನೂರರಷ್ಟು. ಓಲ್ಡ್ ಫೇಯ್ತ್‌ಫುಲ್ ಎಂಬುದು ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುವುದರಿಂದ ವೃದ್ಧರು ಬೆಂಚಿನ ಮೇಲೆ ಕುಳಿತೇ ನೋಡಬಹುದು. ಉದ್ಯಾನದೊಳಗಿನ ಎಂಟರ ಆಕಾರದ ರಸ್ತೆಯು ೧೪೨ ಮೈಲಿ. ಅಲ್ಲಿ ವೇಗದ ಮಿತಿಯು ಹೆಚ್ಚೆಂದರೆ ೪೫ ಆದುದರಿಂದ ಬ್ಯಾಟರಿಯು ಬಹಳ ಬಾಳುತ್ತದೆ. ಬೆಳಗ್ಗೆ ತುಂಬಿದ ಬಂಡಿಯಲ್ಲಿ ಹೊರಟು ಸಂಜೆ ಅದೇ ಊರಿಗೆ ಹಿಂದಿರುಗುವುದು ನಮ್ಮ ಯೋಜನೆ. ಕಾಡೆಮ್ಮೆಗಳಿಂದ ೨೫ ಗಜ, ಕರಡಿ ತೋಳಗಳಿಂದ ೧೦೦ ಗಜ ದೂರವಿರಬೇಕೆಂಬುದು ಅಲ್ಲಿಯ ಕಟ್ಟಳೆ. ಮಕ್ಕಳಿಗೆ ಇದನ್ನು ಈಗಲೇ ಬಾಯಿಪಾಠ ಮಾಡಿಸಿದ್ದೇವೆ.

ಇನ್ನು ಗೃಹಿಣಿಯರಿಗೆ ಬೇಕಾದ ಮಾತು. ಈ ಟ್ರಕ್ಕಿನಲ್ಲಿ ಎಂಜಿನ್ನಿರಬೇಕಾದ ಜಾಗದಲ್ಲಿ ಬೀಗ ಹಾಕಬಹುದಾದ ದೊಡ್ಡ ಪೆಟ್ಟಿಗೆಯಿದೆ. ಬಂಡಿಯಲ್ಲಿಯೇ ಒಲೆಗೆ ಸಾಕಾಗುವ ವಿದ್ಯುತ್ತೂ ದೊರೆಯುತ್ತದೆ. ಇಂಡಕ್ಷನ್ ಒಲೆ, ಸಣ್ಣ ಕುಕ್ಕರು, ಅಕ್ಕಿ, ಬೇಳೆ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇಷ್ಟಿದ್ದರೆ ನೆವಾಡದಲ್ಲಿಯೂ ಬಿಸಿಯನ್ನವುಂಟು. ಎತ್ತರದ ಪ್ರದೇಶದಲ್ಲಿ ನೀರು ಕಡಮೆ ಬಿಸಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗನೆ ಬೇಯದು, ಕುಕ್ಕರು ಅವಶ್ಯ. ಕರಡಿಗಳ ನೆಲದಲ್ಲಿ ಆಹಾರವನ್ನು ಹೊರಗೆ ಬಿಡಕೂಡದು. ತೆರೆಯದ ಇನ್ಸುಲಿನ್ ಬುಡ್ಡಿಗಳಿಗಾಗಿ ವಿದ್ಯುತ್ ತಂಪುಪೆಟ್ಟಿಗೆಯನ್ನು ಕೊಂಡಿದ್ದೇವೆ. ಅದು ಬಿಸಿಯಾಗಲೂಬಾರದು, ಹೆಪ್ಪುಗಟ್ಟಲೂಬಾರದು. ಎತ್ತರವಾದ ಟ್ರಕ್ಕನ್ನು ಹತ್ತಿಳಿಯಲು ಮಡಿಸುವ ಮೆಟ್ಟಿಲೊಂದನ್ನು ತಾಯಿಯವರೇ ಅಂಗಡಿಯಲ್ಲಿ ಹತ್ತಿ ನೋಡಿ ಆರಿಸಿದರು.

ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಸಂಗತಿಯನ್ನು ಕಂಡು ನಮಗೆ ಸಮಾಧಾನವಾಯಿತು. ವೈದ್ಯರು ತಾಯಿಯವರಿಗೆ ಎರಡು ಗಂಟೆಗೊಮ್ಮೆ ಇಳಿದು ನಡೆದಾಡಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದು ಹೇಳಿದ್ದರು. ಬಂಡಿಯು ನಿಲ್ಲಬೇಕಾದ ಸ್ಥಳಗಳನ್ನೂ ಅವರು ಇಳಿಯಬೇಕಾದ ಹೊತ್ತನ್ನೂ ಎರಡು ಪಟ್ಟಿಯಾಗಿ ಬರೆದು ಪಕ್ಕಪಕ್ಕದಲ್ಲಿಟ್ಟಾಗ ಅವು ಹೆಚ್ಚುಕಡಮೆ ಒಂದೇ ಆಗಿದ್ದವು. ಪೆಟ್ರೋಲಿನ ಬಂಡಿಯಾಗಿದ್ದರೆ ನಮ್ಮ ಆತುರದಲ್ಲಿ ಅವರನ್ನು ಐದು ಗಂಟೆ ಕೂರಿಸಿಬಿಡುತ್ತಿದ್ದೆವೇನೋ.

ಜೂನ್ ತಿಂಗಳ ಕೊನೆಯ ವಾರದಲ್ಲಿ ಹೊರಡುವುದೆಂದು ನಿಶ್ಚಯವಾಗಿದೆ. ಎಲ್ಕೋದಲ್ಲಿ ತಾಯಿಯವರಿಗೆ ಆಯಾಸವೆನಿಸಿದರೆ ಅಲ್ಲಿಂದಲೇ ಹಿಂದಿರುಗುವುದೆಂದೂ, ಅದಕ್ಕಾಗಿ ಯಾರೂ ಮುಖ ಸಪ್ಪಗೆ ಮಾಡಬಾರದೆಂದೂ ಮಕ್ಕಳೊಡನೆ ಮಾತಾಗಿದೆ. ಇಂತಹ ಪ್ರಯಾಣವನ್ನು ಯೋಚಿಸುತ್ತಿರುವ ವಾಚಕರು ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಗೆ ತಕ್ಕಂತೆ ದಾರಿಯನ್ನು ಅಳೆಯಲಿ. ಬ್ಯಾಟರಿಯ ಲೆಕ್ಕವು ಆಮೇಲೆ ತಾನಾಗಿ ಕೂಡಿಬರುವುದು.