ಪರರ ಗಂಟಿನ ಕಾವಲು

ಸರ್ವರ್ ಎಂದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ಉಡುಪಿ ಹೋಟೆಲಿನ ಮಾಣಿ. ಹೆಗಲ ಮೇಲೊಂದು ಬಟ್ಟೆ, ಕೈಯಲ್ಲಿ ನಾಲ್ಕು ಲೋಟ ಕಾಫಿ. ಕರೆದವರ ಬಳಿಗೆಲ್ಲ ಓಡಬೇಕು, ಒಬ್ಬರ ದೋಸೆಯನ್ನು ಇನ್ನೊಬ್ಬರ ಮುಂದೆ ಇಡಬಾರದು. ಈ ಕಾಲದ ಸರ್ವರ್ ಯಂತ್ರದ ಪಾಡೂ ಇದಕ್ಕಿಂತ ಬೇರೆಯಲ್ಲ. ಜಾಲತಾಣವೊಂದನ್ನು ಯಾರು ಯಾವ ಊರಿನಿಂದ ಕೇಳಿದರೂ ಅದನ್ನು ತಂದು ಅವರ ಮುಂದಿಡುವುದೇ ಅದರ ಕೆಲಸ. ಮಾಣಿಗೆ ರಾತ್ರಿಯಾದರೂ ಬಿಡುವುಂಟು. ಯಂತ್ರಕ್ಕೆ ಅದೂ ಇಲ್ಲ.

ಇಂಥ ಯಂತ್ರಗಳನ್ನು ನಡೆಸಿ, ಪರರ ಬರಹ, ಚಿತ್ರ, ಪತ್ರಗಳಿಗೆ ಜಾಗ ಕೊಡುವ ಭಾರಿ ಕಂಪನಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವುಗಳ ನೆರಳಿನಲ್ಲೇ ನಾಲ್ಕಾರು ಜನ ಸೇರಿ, ಕೆಲವೊಮ್ಮೆ ಒಬ್ಬನೇ ಒಬ್ಬ, ಇದೇ ಉದ್ಯೋಗವನ್ನು ಚಿಕ್ಕದಾಗಿ, ಮರ್ಯಾದೆಯಿಂದ ನಡೆಸುವುದೂ ಉಂಟು. ಇಟ್ಟವರ ಗಂಟನ್ನು ಬಿಚ್ಚಿ ನೋಡೆವು, ಜಾಹೀರಾತಿನವರಿಗೆ ಮಾರೆವು, ಕೇಳಿದ ದಿನ ತಡೆಯದೆ ಹಿಂದಿರುಗಿಸುವೆವು ಎಂಬ ಮಾತಿಗೆ ಕಟ್ಟುಬಿದ್ದವರು ಅವರು.

ಅವರ ಅವಶ್ಯಕತೆಯಾದರೂ ಏನು? ಭಟ್ಕಳದ ಸಮೀಪದ ತೆಂಗಿನಗುಂಡಿಯನ್ನು ತೆಗೆದುಕೊಳ್ಳಿ. ಅದು ಮೀನುಗಾರರ ಊರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧ ನಮ್ಮ ಕರಾವಳಿಯಲ್ಲಿದೆ. ಆ ಬಿಡುವಿನಲ್ಲಿ ಊರ ಹುಡುಗನೊಬ್ಬ, ಹಿರಿಯರ ಬಾಯಲ್ಲಷ್ಟೇ ಉಳಿದಿರುವ ಗಾಳಿಗಳ ಹೆಸರು, ಮೀನುಗಳ ಹೆಸರುಗಳನ್ನು ಅವರ ದನಿಯಲ್ಲೇ ಹಿಡಿದು ಜಾಲತಾಣವೊಂದರಲ್ಲಿ ಇಡಲು ಹೊರಟನೆನ್ನೋಣ. ಯಂತ್ರವನ್ನು ಮನೆಯಲ್ಲೇ ಇಡಬಾರದೇಕೆ? ಇಡಬಹುದು, ಹಳೆಯ ಕಂಪ್ಯೂಟರ್ ಒಂದೇ ಸಾಕು. ಆದರೆ ಆಷಾಢದ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ದೀಪದ ಜೊತೆಗೆ ಜಾಲತಾಣವೂ ಆರಿತು! ಉಪ್ಪುಗಾಳಿ ಕಬ್ಬಿಣವನ್ನು ಬಿಡದೆ ತಿನ್ನುತ್ತದೆ. ಮೇಲಾಗಿ, ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಸಾಮಾನ್ಯವಾಗಿ ಸ್ಥಿರವಾದ ವಿಳಾಸವೇ ಇರುವುದಿಲ್ಲ. ಮನೆಯ ನಂಬರು ಆಗಾಗ ಬದಲಾಗುತ್ತಿದ್ದರೆ ಅಂಚೆಯವನು ತಾನೆ ಏನು ಮಾಡಿಯಾನು? ಆದ್ದರಿಂದ ಆ ದನಿಗಳು ದೂರದ ಯಾವುದೋ ತಣ್ಣನೆಯ ಕಟ್ಟಡದಲ್ಲಿರುವ ಯಂತ್ರವನ್ನು ಸೇರಲೇಬೇಕು. ಅದು ಯಾರ ವಶದ ಯಂತ್ರ ಎಂಬುದೇ ಪ್ರಶ್ನೆ.

ಪುಕ್ಕಟೆಯಾಗಿ ಜಾಗ ಕೊಡುವವರಿಗೇನೂ ಬರವಿಲ್ಲ. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಮೈಸ್ಪೇಸ್ ಎಂಬ ತಾಣದವರು, 2015ರವರೆಗೆ ಜನ ತಂದಿಟ್ಟಿದ್ದ ಹಾಡುಗಳೆಲ್ಲ ಯಂತ್ರ ಬದಲಿಸುವಾಗ ಕಳೆದುಹೋದುವೆಂದು 2019ರಲ್ಲಿ ಒಪ್ಪಿಕೊಂಡರು. ಹಣ ಕೊಡದೆ ಇಟ್ಟವರು ಯಾವ ಬಾಯಿಂದ ಕೇಳಬೇಕು!

ಕನ್ನಡಿಗರು ಈ ವಿಷಯದಲ್ಲಿ ಸುಮ್ಮನೆ ಕುಳಿತವರಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗರು ತೊಡಗಿದ ‘ಸಂಪದ’ದಲ್ಲಿ ಅದೆಷ್ಟೋ ಮಂದಿ ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆದರು. ಓಂ ಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ ಶರಣರ 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಹುಡುಕಿಕೊಡುವ ತಾಣ. ತುಮಕೂರಿನ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ‘ಜನಸ್ತು’ ಸಂಸ್ಥೆಯವರು ಊರಿನವರದೇ ಆದ ನಿಸ್ತಂತು ಜಾಲವನ್ನು ಹೆಣೆದು, ಅಂಗೈಯಗಲದ ಕಂಪ್ಯೂಟರುಗಳಲ್ಲಿ ಹಳ್ಳಿಗರ ಮಾತುಕತೆಗಳನ್ನು ಅಲ್ಲಲ್ಲೇ ಇಡುವ ಪ್ರಯೋಗ ನಡೆಸಿದರು. ತೆಂಗಿನಗುಂಡಿಯ ಹುಡುಗನು ನೋಡಿ ಬರಬೇಕಾದದ್ದು ಇದನ್ನೇ.

ಆದರೆ ಒಳ್ಳೆಯತನವೊಂದೇ ಸಾಲದೆಂಬುದಕ್ಕೆ ಇಟಲಿಯ ಒಂದು ಪ್ರಸಂಗ ಸಾಕ್ಷಿ. ಅಲ್ಲಿ 2001ರಲ್ಲಿ ಹುಟ್ಟಿದ ಆಟಿಸ್ಟಿಚಿ–ಇನ್ವೆಂಟಾಟಿ ಎಂಬ ಬಳಗ ದುಡ್ಡಿನಾಸೆಯಿಲ್ಲದೆ ಸಾವಿರಾರು ಜನರ ಪತ್ರಗಳನ್ನು ಕಾಯುತ್ತಿತ್ತು. ಯಂತ್ರ ಅವರದು, ಅದನ್ನಿರಿಸಿದ್ದ ಕಟ್ಟಡ ಬೇರೆಯವರದು. 2004ರಲ್ಲಿ ಒಂದೇ ಒಂದು ಅಂಚೆಪೆಟ್ಟಿಗೆಯ ತನಿಖೆಗೆಂದು ಬಂದ ಪೊಲೀಸರು ಯಂತ್ರವನ್ನು ನಿಲ್ಲಿಸಿ, ಅದರೊಳಗಿದ್ದುದನ್ನು ಗುಪ್ತಲಿಪಿಯ ಕೀಲಿಗಳ ಸಮೇತ ನಕಲು ಮಾಡಿಕೊಂಡು ಹೋದರು. ಕಟ್ಟಡದವರು ಬಳಗಕ್ಕೆ ಹೇಳಿದ್ದು, ವಿದ್ಯುತ್ತಿನ ತೊಂದರೆಯಾಗಿತ್ತೆಂದು! ನಿಜ ತಿಳಿದುದು ಒಂದು ವರ್ಷ ಕಳೆದು, 2005ರ ಜೂನ್‌ನಲ್ಲಿ. ಆ ಒಂದು ವರ್ಷ ಸಾವಿರಾರು ಜನ ತಮ್ಮ ಪತ್ರ ತಮ್ಮಲ್ಲೇ ಇದೆಯೆಂದು ನಂಬಿ ಬರೆಯುತ್ತಲೇ ಇದ್ದರು. ಬಳಗವೇನೂ ಓಡಿಹೋಗಲಿಲ್ಲ. ನಡೆದುದನ್ನು ಎಲ್ಲರಿಗೂ ಸಾರಿ ಹೇಳಿ, ಯಾವ ಒಂದು ಯಂತ್ರ ಕೈತಪ್ಪಿದರೂ ಎಲ್ಲವೂ ಕೈತಪ್ಪದಂತೆ ತಮ್ಮ ಗಂಟುಗಳನ್ನು ಹಲವು ದೇಶಗಳ ಯಂತ್ರಗಳಲ್ಲಿ ಹಂಚಿಟ್ಟರು. ಯಾರು ಎಲ್ಲಿಂದ ಬಂದರೆಂಬ ದಾಖಲೆಯನ್ನು ಇಟ್ಟುಕೊಳ್ಳದಿರುವುದು ಅವರ ನೇಮ. ಇಲ್ಲದ ಕಾಗದವನ್ನು ಯಾರೂ ವಶಪಡಿಸಿಕೊಳ್ಳಲಾರರಷ್ಟೆ.

ಭಾರತದಲ್ಲಿ ಈ ನೇಮವನ್ನು ಹಾಗೆಯೇ ಪಾಲಿಸುವುದು ಕಷ್ಟ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದ ಮೇರೆಗೆ ಯಂತ್ರಗಳ ದಾಖಲೆ 180 ದಿನ ಇರಬೇಕು. ಜಾಗ ಬಾಡಿಗೆಗೆ ಕೊಡುವವರು ಗಿರಾಕಿಯ ಹೆಸರು ವಿಳಾಸಗಳನ್ನು ಆತ ಬಿಟ್ಟುಹೋದ ಮೇಲೂ 5 ವರ್ಷ ಇಡಬೇಕು. ಯಾರಾದರೂ ಒಳನುಗ್ಗಿದ್ದು ತಿಳಿದರೆ 6 ಗಂಟೆಯೊಳಗೆ ವರದಿಯಾಗಬೇಕು. ಕಳ್ಳರೂ ಮೋಸಗಾರರೂ ಜಾಗ ಕೇಳಿ ಬರುವ ಕಾಲದಲ್ಲಿ ಇದನ್ನು ಅನ್ಯಾಯವೆನ್ನಲಾಗದು. ಆದರೆ ಭಾರಿ ಕಂಪನಿಗೆ ಪಾಳಿಯ ಮೇಲೆ ಎಚ್ಚರವಿರುವ ಜನರುಂಟು; ಒಬ್ಬಂಟಿಗನ ಒಂದು ನಿದ್ದೆಯೇ 6 ಗಂಟೆ. ಪ್ರಾಮಾಣಿಕನಾದವನು ಕಾನೂನು ಕೇಳಿದಷ್ಟನ್ನು ಮಾತ್ರ ಇಟ್ಟುಕೊಂಡು, ಇಟ್ಟುಕೊಂಡಿದ್ದೇನೆಂದು ಬಾಗಿಲಲ್ಲೇ ಬರೆದುಹಾಕುತ್ತಾನೆ.

ಅವನ ಸಂಸಾರದ ಕಥೆಯೇ ಬೇರೆ. ನೆಂಟರ ಮದುವೆಗೆ ಹೋದರೂ ಕಂಕುಳಲ್ಲಿ ಲ್ಯಾಪ್‌ಟಾಪಿನ ಚೀಲ. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಫೋನು ಗುಂಯ್‌ಗುಟ್ಟಿ, ಆಸಾಮಿ ಚಪ್ಪರದ ಮೂಲೆ ಸೇರುತ್ತಾನೆ. ತಿಂಗಳ ಬಾಡಿಗೆ ಕಟ್ಟಬೇಕು. ಜಾಲತಾಣದ ಹೆಸರಿನ ನವೀಕರಣದ ದಿನ ತಪ್ಪಿದರೆ ಹೆಸರು ಪರರ ಪಾಲಾದೀತು. ಇಷ್ಟಕ್ಕೆ ಅವನು ಕೇಳುವ ಹಣ ಅಲ್ಪ. ಅಷ್ಟಾದರೂ ಕೇಳಲೇಬೇಕು, ಸಂಕೋಚದಿಂದ ಪುಕ್ಕಟೆ ನಡೆಸುವವನು ಬೇಸತ್ತ ದಿನ ಹತ್ತಾರು ಜನರ ಗಂಟು ಬೀದಿಗೆ ಬೀಳುತ್ತದೆ. ಅವನೇ ಹಾಸಿಗೆ ಹಿಡಿದರೆ? ಆಗಬೇಕಾದುದಕ್ಕೆ ಬೇರೆ ಊರಿನ ಗೆಳೆಯನೊಬ್ಬನ ಬೀರುವಿನಲ್ಲಿ ಗುಪ್ತಪದಗಳ ಲಕೋಟೆಯಿರಬೇಕು. ನಿಲ್ಲಿಸುವುದಾದರೆ ಮೂರು ತಿಂಗಳು ಮೊದಲೇ ಎಲ್ಲರಿಗೂ ತಿಳಿಸುವ ಕರಾರಿರಬೇಕು. ಜಾಗ ಕೇಳಿ ಬಂದ ತೆಂಗಿನಗುಂಡಿಯ ಹುಡುಗನಿಗೂ ಅವನು ಮೊದಲ ದಿನವೇ ಒಂದು ಮಾತು ಹೇಳಬೇಕು: ವರ್ಷಕ್ಕೊಮ್ಮೆ, ದೋಣಿಗಳು ದಡ ಸೇರಿರುವ ಆ ಮಳೆಗಾಲದಲ್ಲೇ, ಎಲ್ಲ ದನಿಗಳ ಇನ್ನೊಂದು ಪ್ರತಿಯನ್ನು ಇಳಿಸಿಕೊಂಡು ಮನೆಯ ಒಳಗೋಣೆಯ ಪೆಟ್ಟಿಗೆಯಲ್ಲಿ, ತೇವ ತಾಗದಂತೆ ಸುತ್ತಿ ಇಟ್ಟುಕೊಳ್ಳಪ್ಪಾ ಎಂದು.