ಹಾಸಿಗೆ ಇದ್ದಷ್ಟು ಕಾಲು

ಪ್ರವಾಸ ಏರ್ಪಡಿಸುವವರ ಕರಪತ್ರಗಳಲ್ಲಿ ಹಿಮಾಲಯಕ್ಕೆ ಅರ್ಧ ಪುಟ, ಗಂಗಾರತಿಗೆ ಕಾಲು ಪುಟ ಮೀಸಲು. ಕೊನೆಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ಉತ್ತಮ ಹೋಟೆಲುಗಳಲ್ಲಿ ವಸತಿ’. ಅಜ್ಜ-ಅಜ್ಜಿಯರ ಯಾತ್ರೆ ಸುಖದ್ದೋ ಕಷ್ಟದ್ದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಈ ಸಾಲಿನಲ್ಲೇ. ದೇವರೆದುರು ನಿಲ್ಲಲು ಸಿಗುವುದು ಅರೆ ನಿಮಿಷ. ಹೋಟೆಲಿನಲ್ಲಿ ಕಳೆಯಬೇಕಾದದ್ದು ಇಡೀ ರಾತ್ರಿ.

ಹಿಂದಿನವರಿಗೆ ಈ ಯೋಚನೆಯೇ ಇರಲಿಲ್ಲ. ಕಾಶಿಗೆ ಹೊರಟವರು ಮರಳಿ ಬಂದರೆ ಬಂದೆವು ಎಂದೇ ಹೊರಡುತ್ತಿದ್ದರು. ಛತ್ರದ ಜಗುಲಿಯೇ ಮಂಚ, ಬಟ್ಟೆಗಂಟೇ ತಲೆದಿಂಬು. ಆಮೇಲೆ ಬಂದ ಯಾತ್ರಾ ಬಸ್ಸುಗಳು ಅಡುಗೆಯವರನ್ನೂ ಪಾತ್ರೆಪಡಗವನ್ನೂ ಸಾರಿನಪುಡಿ ಡಬ್ಬವನ್ನೂ ಹೇರಿಕೊಂಡು ಹೋದವು. ಹರಿದ್ವಾರದಲ್ಲೂ ಉಪ್ಪಿಟ್ಟು, ಬದರಿಯಲ್ಲೂ ಅನ್ನ-ಸಾರು! 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ‘ಭಾರತ್ ಗೌರವ್ ಕಾಶಿ ದರ್ಶನ’ ರೈಲು ಹೊರಟಿತು. ರಾಜ್ಯ ಸರ್ಕಾರದ ಸಹಾಯಧನವೂ ಸೇರಿ ವಾರಾಣಸಿ, ಅಯೋಧ್ಯೆ, ಪ್ರಯಾಗರಾಜ್ ಅನೇಕರ ಕೈಗೆಟುಕಿದವು. ಊಟ, ಟಿಕೆಟ್ ಎರಡೂ ಬಗೆಹರಿದವು. ಬಗೆಹರಿಯದೆ ಉಳಿದದ್ದು ಮಂಡಿನೋವು.

ಮಂಡಿಗೆ ಹೋಟೆಲಿನ ನಕ್ಷತ್ರಗಳು ಕಾಣುವುದಿಲ್ಲ, ಮೆಟ್ಟಿಲುಗಳು ಮಾತ್ರ ಕಾಣುತ್ತವೆ. ಬೆಟ್ಟದ ಊರುಗಳಲ್ಲಂತೂ ಇನ್ನೊಂದು ತಮಾಷೆ. ಎಷ್ಟೋ ಹೋಟೆಲುಗಳಲ್ಲಿ ರಸ್ತೆಯ ಮಟ್ಟಕ್ಕಿರುವುದು ಕಟ್ಟಡದ ಮೇಲಂತಸ್ತು. ಕೋಣೆಗಳೆಲ್ಲ ಇಳಿಜಾರಿನಲ್ಲಿ ಕೆಳಕೆಳಗೆ. ‘ಮಹಡಿ ಹತ್ತುವ ಕಷ್ಟವಿಲ್ಲ’ ಎಂದು ಮ್ಯಾನೇಜರು ಹೇಳಿದ್ದು ಸುಳ್ಳಲ್ಲ. ಆದರೆ ಇಳಿಯುವುದಿದೆ, ಮುಂಜಾನೆ ಐದಕ್ಕೆ ಬಸ್ಸಿನವನು ಹಾರನ್ ಒತ್ತಿದಾಗ ಅದೇ ಮೆಟ್ಟಿಲು ಹತ್ತುವುದೂ ಇದೆ. ಕಾಶಿಯಲ್ಲಿ ಗಂಗೆಯ ಬಳಿಯ ಗಲ್ಲಿಗಳೊಳಗೆ ಬಸ್ಸು ಬಾರದು. ‘ಘಾಟಿಗೆ ಎರಡೇ ಹೆಜ್ಜೆ’ ಎನ್ನುವ ಕೋಣೆಗೆ ಬಸ್ಸಿನಿಂದ ಎಷ್ಟು ಹೆಜ್ಜೆ ಎಂದೂ ಕೇಳಬೇಕು.

ಆದರೆ ಹಿರಿಯರು ಕೇಳುವುದಿಲ್ಲ. ಮಕ್ಕಳು ದುಡ್ಡು ಕಟ್ಟಿ ಕಳಿಸಿದ್ದಾರೆ, ಗುಂಪಿನಲ್ಲಿ ತಾವೊಬ್ಬರೇ ತಕರಾರು ತೆಗೆಯಬಾರದು ಎಂಬ ಸಂಕೋಚ. ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗೇ ಮೂರನೆಯ ಮಹಡಿಯ ಕೋಣೆ ಬಂತು. ಲಿಫ್ಟು ಕೆಟ್ಟಿತ್ತು. ‘ಆಗುತ್ತಾ ಮೇಷ್ಟ್ರೇ?’ ಎಂದರೆ ‘ಓಹೋ, ಧಾರಾಳವಾಗಿ’ ಎಂದರು. ಸಂಜೆ ಎಲ್ಲರೂ ಆರತಿಗೆ ಹೊರಟಾಗ ಅವರ ಮನೆಯವರು ‘ಯಾಕೋ ತಲೆನೋವು, ನೀವು ಹೋಗಿಬನ್ನಿ’ ಎಂದು ಕೋಣೆಯಲ್ಲೇ ಉಳಿದರು. ನೋಯುತ್ತಿದ್ದದ್ದು ತಲೆಯಲ್ಲ. ಎರಡು ದಿನ ರೈಲಿನಲ್ಲಿ ಕೂತು ಬಂದಾಕೆಗೆ ಗಂಗಾರತಿಯನ್ನು ತಪ್ಪಿಸಿದ್ದು ಮೂರು ಮಹಡಿಯ ಮೆಟ್ಟಿಲುಗಳು.

ಮೆಟ್ಟಿಲಿಗಿಂತ ಅಪಾಯದ್ದು ಬಚ್ಚಲು. ಮನೆಯಲ್ಲಾದರೆ ಕತ್ತಲಲ್ಲೂ ಕೈಗೆ ಸ್ವಿಚ್ಚು ಸಿಗುತ್ತದೆ. ದಿನಕ್ಕೊಂದು ಹೋಟೆಲಾದರೆ ದಿನಕ್ಕೊಂದು ಗೋಡೆ ತಡವಬೇಕು. ಬಾಗಿಲಲ್ಲಿ ಎಡವುವಂಥ ಹೊಸ್ತಿಲು, ಒಳಗೆ ಸೋಪಿನ ನೀರು ನಿಂತ ನೆಲ. ನಡುರಾತ್ರಿ ಜಾರಿ ಬಿದ್ದು ತೊಡೆಮೂಳೆ ಮುರಿದರೆ ಯಾತ್ರೆಯಷ್ಟೇ ಅಲ್ಲ, ಮುಂದಿನ ಓಡಾಟವೇ ನಿಂತೀತು. ಕೂರುವ ಕಮೋಡಿಲ್ಲದ ಕಡೆ ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಸ್ಸು ನಿಲ್ಲಿಸೆಂದು ಕೇಳಲು ನಾಚಿ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಯಾರಿಗೂ ಹೇಳದೆ ಚೀಲಕ್ಕೆ ಸೇರಿಸುವವರೂ ಉಂಟು. ವೈದ್ಯರನ್ನು ಕೇಳದೆ ಹಾಗೆ ಮಾಡುವುದು ಆಪತ್ತನ್ನು ಕರೆದುಕೊಂಡಂತೆ.

ಎತ್ತರದ ಊರುಗಳಲ್ಲಿ ಮಂಡಿಯ ಜೊತೆಗೆ ಉಸಿರಿನ ಚಿಂತೆಯೂ ಸೇರುತ್ತದೆ. ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಆರೋಗ್ಯವಂತರಿಗೂ ಮೊದಲ ರಾತ್ರಿ ನಿದ್ದೆ ಸರಿಯಾಗಿ ಹತ್ತದು. ಗುಪ್ತಕಾಶಿಯಂಥ ಕೆಳಗಿನ ಊರಿನಲ್ಲಿ ಒಂದೆರಡು ರಾತ್ರಿ ತಂಗಿ, ದೇಹವನ್ನು ಒಗ್ಗಿಸಿಕೊಂಡು ಮೇಲೇರುವುದು ಜಾಣತನ. ‘ಒಂದು ದಿನ ಉಳಿಸುತ್ತೇವೆ’ ಎನ್ನುವ ಕಾರ್ಯಕ್ರಮಕ್ಕೆ ಹಿರಿಯರು ಮರುಳಾಗಬಾರದು.

ಇಲ್ಲೇ ಮೊಮ್ಮಕ್ಕಳ ಪಾಲಿನ ಕೆಲಸವಿರುವುದು. ಹಣ ಕಟ್ಟುವ ಮುನ್ನ ಹೋಟೆಲುಗಳ ಹೆಸರು ಪಡೆದು ಒಂದೊಂದಕ್ಕೂ ಫೋನು ಮಾಡಿ ಕೇಳಬಹುದು: ಲಿಫ್ಟು ಇದೆಯೇ? ಕರೆಂಟು ಹೋದರೆ ನಡೆಯುತ್ತದೆಯೇ? ಕಮೋಡು ಯಾವ ಬಗೆಯದು? ಬಿಸಿನೀರು ಎಷ್ಟು ಹೊತ್ತಿಗೆ? ಕೆಳಗಿನ ಕೋಣೆ ಕೊಡುವುದಾಗಿ ಕಾಗದದಲ್ಲಿ ಬರೆಸಿಕೊಳ್ಳಬಹುದು. ಅಜ್ಜಿಯ ಚೀಲಕ್ಕೆ ಒಂದು ಸಣ್ಣ ಟಾರ್ಚು, ಜಾರದ ಚಪ್ಪಲಿ, ಹೋಟೆಲಿನ ಹೆಸರು-ವಿಳಾಸ ಹಿಂದಿಯಲ್ಲಿ ಬರೆದ ಚೀಟಿ ಹಾಕಬಹುದು. ಗಲ್ಲಿಯಲ್ಲಿ ದಾರಿ ತಪ್ಪಿದರೆ ಆ ಚೀಟಿಯೇ ಬಾಯಿ. ರಾತ್ರಿ ಫೋನು ಮಾಡಿದಾಗಲೂ ‘ಹೇಗಿದ್ದೀರಿ?’ ಎಂದರೆ ಉತ್ತರ ಒಂದೇ, ‘ಚೆನ್ನಾಗಿದ್ದೇವೆ’. ‘ಇವತ್ತು ಎಷ್ಟು ಮೆಟ್ಟಿಲು ಹತ್ತಿದಿರಿ? ಮಾತ್ರೆ ಆಯಿತೇ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮನೆಮನೆಯಲ್ಲೂ ಕಲಿಸಿದವರು ಹಿರಿಯರೇ. ಆ ಗಾದೆಯಂತೆ ಕಾಲು ಮಡಚಿಕೊಂಡೇ ಮಕ್ಕಳ ಫೀಸು ಕಟ್ಟಿದರು, ಮದುವೆ ಮಾಡಿದರು. ವರ್ಷಗಟ್ಟಲೆ ಮುಂದೂಡಿದ ಯಾತ್ರೆಯಲ್ಲಾದರೂ ಅವರ ಕಾಲಿನ ಅಳತೆಗೆ ಹಾಸಿಗೆ ಹುಡುಕುವುದು ಕಿರಿಯರಿಗೆ ಹೊರೆಯಾಗಬಾರದು.